ಯೂರಿಯಾ ಹೋಗುವುದೆಲ್ಲಿಗೆ?

45 ಕಿಲೋ ಯೂರಿಯಾ ಚೀಲದಲ್ಲಿರುವ ಸಾರಜನಕ ಸುಮಾರು 21 ಕಿಲೋ. ತುಬಚಿ ಕಡೆಯ ಎರೆಭೂಮಿಯಲ್ಲಿ ಅದನ್ನು ಮೇಲೆಯೇ ಎರಚಿದರೆ ಒಂದು ಪಾಲು ಅಮೋನಿಯಾ ಆಗಿ ಹಾರುತ್ತದೆ. ನೀರು ಹೆಚ್ಚಾದರೆ ಇನ್ನೊಂದು ಪಾಲು ಬೇರಿಗೆ ಸಿಗದಂತೆ ಕೆಳಗಿಳಿಯುತ್ತದೆ.

ಕಾಡು ಹೀಗೆ ಬಿಟ್ಟುಕೊಡುವುದಿಲ್ಲ. 1990ರ ದಶಕದಲ್ಲಿ ಅಮೆರಿಕ, ಯುರೋಪಿನ ಕಾಡುಗಳಿಗೆ ಗುರುತಿನ ಸಾರಜನಕ ಕೊಟ್ಟು ನೋಡಿದಾಗ, ಮರಗಳಿಗಿಂತ ಹೆಚ್ಚು ಪಾಲು ಮಣ್ಣಿನಲ್ಲೇ ಸಿಕ್ಕಿತು. ಉದುರೆಲೆ ಕೊಳೆಸುವ ಸೂಕ್ಷ್ಮಜೀವಿಗಳು ಅದನ್ನು ಮೈಗೂಡಿಸಿಕೊಂಡು, ಸತ್ತ ಮೇಲೆ ನಿಧಾನವಾಗಿ ಬಿಡುತ್ತವೆ.

ಕಬ್ಬಿನ ರವದಿಯೂ ಉದುರೆಲೆಯೇ. ಬೆಂಕಿ ಇಟ್ಟರೆ ಅದರ ಸಾರಜನಕ ಹೊಗೆಯೊಂದಿಗೆ ಹೋಯಿತು. ಕೂಳೆ ಸಾಲುಗಳ ನಡುವೆ ಹರಡಿರಿ. ಯೂರಿಯಾವನ್ನು ರವದಿಯ ಮೇಲೆ ಚೆಲ್ಲದೆ ಮಣ್ಣಿನೊಳಗೆ ಕೊಡಿರಿ. ಮೊದಮೊದಲು ಆ ಜೀವಿಗಳೇ ಸಾರಜನಕ ಎಳೆದುಕೊಂಡು ಬೆಳೆ ಕೊಂಚ ಹಳದಿಯಾದೀತು. ಗಾಬರಿಯಾಗಿ ಮುಂದಿನ ಸಲ ಕಡ್ಡಿ ಗೀರಬೇಡಿರಿ.