ಇಪ್ಪತ್ತೆಂಟು ದಿನದ ತಿಂಗಳು

(ನಂಜನಗೂಡಿನಲ್ಲಿ ಗಿರಣಿ ಕಾರ್ಮಿಕರೂ ಸಣ್ಣ ವರ್ತಕರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



೨೦೨೫ರ ಆಗಸ್ಟ್ ತಿಂಗಳ ಕೊನೆಯಲ್ಲಿ ಟಿ. ನರಸೀಪುರಕ್ಕೆ ಹೋಗಿದ್ದೆ. ಅಲ್ಲಿನ ರೇಷ್ಮೆ ಫಿಲೇಚರಿನಲ್ಲಿ ನೂಲು ತೆಗೆಯುವ ಒಬ್ಬ ತಾಯಿ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. ನಾನು ಮೇಷ್ಟ್ರಾಗಿದ್ದಾಗ ಅವರ ಮಗ ನನ್ನ ತರಗತಿಯಲ್ಲಿದ್ದ. "ಮೇಷ್ಟ್ರೆ, ಕರೆನ್ಸಿ ಹಾಕ್ಸಕ್ಕೆ ಹೋಗಿದ್ದೆ. ದಿನಕ್ಕೆ ಒಂದು ಜಿಬಿದು ಪ್ಯಾಕು ತೆಗೆದುಬುಟ್ಟವ್ರಂತೆ. ಒಂದೂವರೆದೇ ಹಾಕ್ಸ್ಬೇಕಂತೆ. ನಂಗೆ ಒಂದರಲ್ಲೇ ಮಿಕ್ತದೆ. ನಂಗೆ ಸಾಲಲ್ಲ ಅಂತ ಅವ್ರಿಗೆ ಯಾರು ಹೇಳುದ್ರು?" ಎಂದು ಕೇಳಿದರು.

ಆ ತಾಯಿಯ ಪ್ರಶ್ನೆಗೆ ಅಲ್ಲಿಯೇ ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ಮನೆಗೆ ಬಂದು ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆ. ಆ ಲೆಕ್ಕವನ್ನೇ ಇಂದು ತಮ್ಮ ಮುಂದೆ ಇಡುತ್ತೇನೆ. ೧೯೬೩ರಲ್ಲಿ ಲೋಕಸಭೆಯಲ್ಲಿ ಡಾ. ಲೋಹಿಯಾ ಅವರು ಬಡವನ ದಿನದ ಗಳಿಕೆ ಮೂರಾಣೆ ಎಂದು ಲೆಕ್ಕ ಹಾಕಿ ತೋರಿಸಿದಾಗ ಸರ್ಕಾರವೇ ತಬ್ಬಿಬ್ಬಾಯಿತು. ವರ್ಷದ ಲೆಕ್ಕ ದೊಡ್ಡವರಿಗೆ ಅನುಕೂಲ, ದಿನದ ಲೆಕ್ಕ ನಮಗೆ ಅನುಕೂಲ.

ನಡೆದದ್ದು ಇಷ್ಟು. ಜಿಯೋ ಕಂಪನಿ ೨೪೯ ರೂಪಾಯಿಗೆ ೨೮ ದಿನ, ದಿನಕ್ಕೊಂದು ಜಿಬಿ ಕೊಡುತ್ತಿತ್ತು. ಆ ಆಗಸ್ಟ್ ಮೂರನೆಯ ವಾರದಲ್ಲಿ ಅದನ್ನು ತನ್ನ ಆ್ಯಪಿನಿಂದ ತೆಗೆದುಹಾಕಿತು. ಅಂಗಡಿಗಳಲ್ಲಿ ಸಿಗುತ್ತದೆ ಎಂಬ ಸಮಜಾಯಿಷಿಯೂ ಬಂತು. ಅದರ ಬೆನ್ನಿಗೇ ಏರ್‌ಟೆಲ್ ಕಂಪನಿಯೂ ೨೪೯ರ ತನ್ನ ಪ್ಯಾಕನ್ನು ನಿಲ್ಲಿಸಿತು. ಜಿಯೋದ ಮುಂದಿನ ಮೆಟ್ಟಿಲು ೨೯೯ ರೂಪಾಯಿಯದು. ಐವತ್ತು ರೂಪಾಯಿ ತಾನೆ ಎನ್ನಬಹುದು. ವರ್ಷಕ್ಕೆ ಹದಿಮೂರು ಸಲ ಐವತ್ತು ಎಂದರೆ ಆರುನೂರ ಐವತ್ತು. ಮನೆಯಲ್ಲಿ ಎರಡು ಫೋನು ಇದ್ದರೆ ಸಾವಿರದ ಮುನ್ನೂರು. ಹದಿಮೂರು ಯಾಕೆ, ವರ್ಷಕ್ಕೆ ಹನ್ನೆರಡೇ ತಿಂಗಳಲ್ಲವೆ ಎಂದು ಕೇಳುವವರಿಗೆ ಆಮೇಲೆ ಉತ್ತರ ಹೇಳುತ್ತೇನೆ.

ಇದು ಒಂದೇ ಏಟಿಗೆ ಆದದ್ದಲ್ಲ. ೨೦೧೬ರ ಸೆಪ್ಟೆಂಬರ್ ೫ರಂದು ಜಿಯೋ ಬಂತು. ಅದಕ್ಕೆ ಮುಂಚೆ ಒಂದು ಜಿಬಿಗೆ ಸುಮಾರು ಇನ್ನೂರೈವತ್ತು ರೂಪಾಯಿ ಕೊಡುತ್ತಿದ್ದ ನಮಗೆ, ೨೦೧೭ರ ಮಾರ್ಚ್ ಕೊನೆಯವರೆಗೆ ಎಲ್ಲವೂ ಪುಕ್ಕಟೆ. ಅದೇ ಜುಲೈಯಲ್ಲಿ ೩೯೯ ರೂಪಾಯಿಗೆ ೮೪ ದಿನ, ದಿನಕ್ಕೊಂದು ಜಿಬಿ. ದಿನಕ್ಕೆ ನಾಲ್ಕೂ ಮುಕ್ಕಾಲು ರೂಪಾಯಿ ಬಿತ್ತು. ಆಮೇಲೆ ೨೦೧೯ರ ಡಿಸೆಂಬರಿನಲ್ಲಿ ಒಮ್ಮೆ, ೨೦೨೧ರ ಕೊನೆಯಲ್ಲಿ ಒಮ್ಮೆ, ೨೦೨೪ರ ಜುಲೈಯಲ್ಲಿ ಒಮ್ಮೆ ಎಲ್ಲ ಖಾಸಗಿ ಕಂಪನಿಗಳೂ ಕೆಲವೇ ದಿನಗಳ ಅಂತರದಲ್ಲಿ ದರ ಏರಿಸಿದವು. ಅದೇ ಒಂದು ಜಿಬಿ ದಿನಕ್ಕೆ ಸುಮಾರು ಒಂಬತ್ತು ರೂಪಾಯಿಗೆ ಬಂದು ನಿಂತಿತು. ಕೊನೆಗೆ ಆ ಒಂದು ಜಿಬಿಯನ್ನೇ ಎತ್ತಿಬಿಟ್ಟರು. ಈಗ ದಿನಕ್ಕೆ ಹತ್ತು ರೂಪಾಯಿ ಎಪ್ಪತ್ತು ಪೈಸೆ ಕೊಟ್ಟು ಒಂದೂವರೆ ತೆಗೆದುಕೋ ಎನ್ನುತ್ತಾರೆ.

"ಅನ್‌ಲಿಮಿಟೆಡ್" ಎಂಬ ಮಾತಿನ ಕಥೆಯೂ ಹೀಗೆಯೇ. ೫ಜಿ ಹೊಸದಾಗಿ ಬಂದಾಗ ೨೩೯ ರೂಪಾಯಿ ಹಾಕಿಸಿದವನಿಗೂ ಜಿಯೋ ೫ಜಿಯನ್ನು ಮಿತಿಯಿಲ್ಲದೆ ಕೊಟ್ಟಿತು. ಜನಕ್ಕೆ ರೂಢಿ ಹತ್ತಿದ ಮೇಲೆ, ೨೦೨೪ರ ಜುಲೈಯಿಂದ, ದಿನಕ್ಕೆ ಎರಡು ಜಿಬಿ ಇಲ್ಲವೆ ಅದಕ್ಕಿಂತ ಹೆಚ್ಚಿನ ಪ್ಯಾಕಿನವರಿಗೆ ಮಾತ್ರ ಎಂದಾಯಿತು. ೨೮ ದಿನಕ್ಕೆ ಅದು ೩೪೯ ರೂಪಾಯಿ. ಹಾಗಾದರೆ ಮಿತಿಯಿಲ್ಲದ ಸರಕು ಮುಗಿದುಹೋಯಿತೆ? ಇಲ್ಲ. ೩೪೯ ಕೊಡುವವನಿಗೆ ಅದು ಇದ್ದೇ ಇದೆ. ೨೩೯ ಕೊಡುತ್ತಿದ್ದವನ ಪಾಲಿಗೆ ಮುಗಿಯಿತು. ಮೇಲಿನವನಿಗೆ ಮಿತಿ ಇಲ್ಲ, ಕೆಳಗಿನವನಿಗೆ ಇಷ್ಟಕ್ಕಿಂತ ಕಡಿಮೆ ಕೊಳ್ಳಬಾರದು ಎಂಬ ಮಿತಿ ಇದೆ. ಆ ತಾಯಿಯ ಪ್ರಶ್ನೆ ಮುಟ್ಟಿದ್ದು ಇದೇ ಜಾಗವನ್ನು.

ಗೋಪುರದಲ್ಲಿ ಜಾಗವಿಲ್ಲ, ಎಲ್ಲರೂ ಸಿನಿಮಾ ನೋಡಿದರೆ ತಡೆಯುವುದಿಲ್ಲ ಎಂಬ ಮಾತನ್ನು ಕಂಪನಿಗಳು ಜಗತ್ತಿನಾದ್ಯಂತ ಹೇಳಿವೆ. ಅಮೇರಿಕದಲ್ಲಿ ಎಟಿ ಅಂಡ್ ಟಿ ಎಂಬ ಕಂಪನಿ ೨೦೧೦ರ ಜೂನಿನಲ್ಲಿ ಹೊಸ ಗಿರಾಕಿಗಳಿಗೆ ೩೦ ಡಾಲರಿನ ಮಿತಿಯಿಲ್ಲದ ಯೋಜನೆಯನ್ನು ನಿಲ್ಲಿಸಿ, ೨೫ ಡಾಲರಿಗೆ ಎರಡು ಜಿಬಿ ಎಂದಿತು. ಮರುವರ್ಷ ಜುಲೈಯಲ್ಲಿ ವೆರೈಜನ್ ಕಂಪನಿಯೂ ಅದನ್ನೇ ಮಾಡಿತು. ೨೦೧೭ರ ಫೆಬ್ರವರಿಯಲ್ಲಿ ಅದೇ ವೆರೈಜನ್ ಮಿತಿಯಿಲ್ಲದ ಯೋಜನೆಯನ್ನು ಮತ್ತೆ ತಂದಿತು. ಈ ನಡುವೆ ಜನ ನೋಡುವುದು ಕಡಿಮೆಯಾಗಿತ್ತೆ? ಹತ್ತಾರು ಪಟ್ಟು ಹೆಚ್ಚಾಗಿತ್ತು. ಆದರೆ ಬೇರೆ ಕಂಪನಿಗಳು ಅಗ್ಗಕ್ಕೆ ಕೊಟ್ಟು ಇವರ ಗಿರಾಕಿಗಳನ್ನು ಸೆಳೆಯತೊಡಗಿದ್ದವು.

ಈಗ ನಮ್ಮ ಸಂತೆಯನ್ನು ನೋಡಿ. ಹತ್ತು ವರ್ಷದ ಕೆಳಗೆ ನಂಜನಗೂಡಿನ ಒಂದೊಂದು ಅಂಗಡಿಯ ಮುಂದೆ ಎಷ್ಟು ಬಣ್ಣದ ಬೋರ್ಡುಗಳಿದ್ದವು! ಏರ್‌ಸೆಲ್, ಡೊಕೊಮೊ, ರಿಲಯನ್ಸ್, ಐಡಿಯಾ, ವೊಡಾಫೋನ್. ೨೦೧೭ರ ಕೊನೆಗೆ ರಿಲಯನ್ಸ್ ಕಮ್ಯುನಿಕೇಷನ್ಸ್ ಮಾತಿನ ಸೇವೆ ನಿಲ್ಲಿಸಿತು. ೨೦೧೮ರಲ್ಲಿ ಏರ್‌ಸೆಲ್ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ವೊಡಾಫೋನ್, ಐಡಿಯಾ ಒಂದಾದವು. ಮರುವರ್ಷ ಡೊಕೊಮೊ ಏರ್‌ಟೆಲ್ಲಿನ ಹೊಟ್ಟೆ ಸೇರಿತು. ಉಳಿದದ್ದು ಮೂರು ಖಾಸಗಿ ಕಂಪನಿ, ಅದರಲ್ಲೊಂದು ಸಾಲದಲ್ಲಿ ಏದುಸಿರು ಬಿಡುತ್ತಿದೆ; ಪಕ್ಕದಲ್ಲಿ ಸರ್ಕಾರದ ಬಿಎಸ್‌ಎನ್‌ಎಲ್. ಸಂತೆಗೆ ಹತ್ತು ಜನ ಬದನೆಕಾಯಿ ತಂದ ದಿನದ ಬೆಲೆಗೂ ಇಬ್ಬರೇ ತಂದ ದಿನದ ಬೆಲೆಗೂ ವ್ಯತ್ಯಾಸ ಏನೆಂಬುದನ್ನು ಇಲ್ಲಿ ಕೂತಿರುವ ವ್ಯಾಪಾರಿಗಳಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಎಲ್ಲಕ್ಕಿಂತ ಕ್ರೂರವಾದದ್ದು ಡೇಟಾ ಅಲ್ಲ, ಸಿಮ್ಮನ್ನು ಜೀವಂತವಾಗಿ ಇಟ್ಟುಕೊಳ್ಳುವ ಖರ್ಚು. ಹಿಂದೆ ಒಂದು ಸಲ ದುಡ್ಡು ಕೊಟ್ಟರೆ ಒಳಬರುವ ಕರೆ ಜನ್ಮಪೂರ್ತಿ ಎಂದು ಮಾರಿದರು. ೨೦೧೮ರ ಕೊನೆಯಲ್ಲಿ ತಿಂಗಳಿಗೆ ೩೫ ರೂಪಾಯಿಯಾದರೂ ಹಾಕಿಸು, ಇಲ್ಲವಾದರೆ ಕರೆಯೇ ಬರುವುದಿಲ್ಲ ಎಂದರು. ಏರ್‌ಟೆಲ್ಲಿನಲ್ಲಿ ಈ ಕನಿಷ್ಠ ಮೊತ್ತ ೨೦೨೧ರ ಜುಲೈಯಲ್ಲಿ ೭೯, ಅದೇ ನವೆಂಬರಿನಲ್ಲಿ ೯೯, ೨೦೨೩ರ ಆರಂಭದಲ್ಲಿ ನಮ್ಮ ರಾಜ್ಯದಲ್ಲಿ ೧೫೫, ೨೦೨೪ರ ಜುಲೈಯಲ್ಲಿ ೧೯೯ ಆಯಿತು. ಆರು ವರ್ಷಕ್ಕೆ ಮೂವತ್ತೈದರಿಂದ ನೂರ ತೊಂಬತ್ತೊಂಬತ್ತು! ನಮ್ಮ ತಾಂಡ್ಯದ ಯಾವ ಕಾರ್ಖಾನೆಯಲ್ಲಿ ಕೂಲಿ ಈ ವೇಗದಲ್ಲಿ ಏರಿದೆಯೋ ತಿಳಿದವರು ಎದ್ದು ಹೇಳಬೇಕು.

ಕಂಪನಿಗಳ ಮಾತನ್ನೂ ಕೇಳಬೇಕು, ನ್ಯಾಯ ಅದು. ಒಂದು ಜಿಬಿಯ ಬೆಲೆ ನೋಡಿದರೆ ಜಗತ್ತಿನಲ್ಲೇ ತೀರ ಅಗ್ಗದ ದೇಶಗಳಲ್ಲಿ ನಮ್ಮದೂ ಒಂದು ಎನ್ನುತ್ತಾರೆ. ನಿಜ. ೨೦೨೨ರ ಹರಾಜಿನಲ್ಲಿ ತರಂಗಾಂತರಕ್ಕೆ ಎಲ್ಲ ಸೇರಿ ಒಂದೂವರೆ ಲಕ್ಷ ಕೋಟಿ ರೂಪಾಯಿ ಕಟ್ಟಲು ಒಪ್ಪಿದ್ದೇವೆ ಎನ್ನುತ್ತಾರೆ. ಅದೂ ನಿಜ. ಆದರೆ ಮಾರಾಯರೆ, ಕ್ವಿಂಟಲ್ ಲೆಕ್ಕದಲ್ಲಿ ರಾಗಿ ಅಗ್ಗ ಎಂದು ದಿನಗೂಲಿಯವನಿಗೆ ಮೂಟೆ ಹೊರಿಸಲು ಬರುತ್ತದೆಯೆ? ಅವನು ಎರಡು ಸೇರು ಕೊಳ್ಳುವವನು. ಮೂಟೆಯ ದರ ಇಳಿಸಿ ಸೇರನ್ನು ಒಡೆದುಹಾಕಿದರೆ ಅವನ ಮಟ್ಟಿಗೆ ಬೆಲೆ ಏರಿತು ಎಂದೇ ಅರ್ಥ. ಒಬ್ಬೊಬ್ಬ ಗಿರಾಕಿಯಿಂದ ತಿಂಗಳಿಗೆ ಮುನ್ನೂರು ರೂಪಾಯಿ ಬರಬೇಕು ಎಂದು ಏರ್‌ಟೆಲ್ಲಿನ ಮುಖ್ಯಸ್ಥರು ಬಹಿರಂಗವಾಗಿಯೇ ಹೇಳಿಕೊಂಡು ಬಂದಿದ್ದಾರೆ. ೨೦೨೫ರ ಏಪ್ರಿಲ್–ಜೂನ್ ಅವಧಿಯಲ್ಲಿ ಅದು ೨೫೦ಕ್ಕೆ ಮುಟ್ಟಿತ್ತು. ಆಗ ಇನ್ನೂ ಐವತ್ತು ಬಾಕಿ ಇತ್ತು.

ಈಗ ತಿಂಗಳಿನ ವಿಷಯ. ಇಲ್ಲಿರುವ ಕಿರಾಣಿ ಅಂಗಡಿಯವರು, ತರಕಾರಿಯವರು ತಮ್ಮ ತಕ್ಕಡಿಗೆ ಕಾಲಕಾಲಕ್ಕೆ ಇಲಾಖೆಯ ಮುದ್ರೆ ಹಾಕಿಸುತ್ತೀರಿ. ಮುದ್ರೆ ತಪ್ಪಿದರೆ, ಕಿಲೋದಲ್ಲಿ ಐವತ್ತು ಗ್ರಾಂ ಕಡಿಮೆಯಾದರೆ ದಂಡ. ಆದರೆ ೨೮ ದಿನಕ್ಕೆ ತಿಂಗಳು ಎಂದು ಹೆಸರಿಟ್ಟು ವರ್ಷಕ್ಕೆ ಹದಿಮೂರು ತಿಂಗಳ ಹಣ ವಸೂಲು ಮಾಡುವ ತಕ್ಕಡಿಗೆ ಯಾರ ಮುದ್ರೆ? ೨೯೯ರ ಪ್ಯಾಕಿನಲ್ಲಿ ವರ್ಷಕ್ಕೆ ೩,೮೮೭ ರೂಪಾಯಿ ಆಗುತ್ತದೆ. ಹನ್ನೆರಡೇ ಸಲ ಹಾಕಿಸುವಂತಿದ್ದರೆ ೩,೫೮೮ರಲ್ಲಿ ಮುಗಿಯುತ್ತಿತ್ತು. ೨೦೨೨ರ ಜನವರಿಯಲ್ಲಿ ಟ್ರಾಯ್ ಎಂಬ ನಿಯಂತ್ರಣ ಮಂಡಳಿ, ೩೦ ದಿನದ ಪ್ಯಾಕು ಒಂದಾದರೂ ಇರಲೇಬೇಕು ಎಂದು ಆಜ್ಞೆ ಮಾಡಿತು. ಒಂದಾದರೂ ಎಂದದ್ದಕ್ಕೆ ಕಂಪನಿಗಳು ಲೆಕ್ಕಕ್ಕೆ ಮಾತ್ರ ಇಟ್ಟು, ಗಿರಾಕಿಯ ಕಣ್ಣ ಮುಂದೆ ೨೮ರದ್ದೇ ಹಿಡಿಯುತ್ತವೆ.

ಇನ್ನೊಂದು ಮೋಸ ರಾತ್ರಿ ಹನ್ನೆರಡು ಗಂಟೆಯದು. ಈ ಹೊತ್ತಿನ ಒಂದೂವರೆ ಜಿಬಿಯಲ್ಲಿ ಅರ್ಧ ಮಾತ್ರ ಬಳಸಿದಿರಿ, ಉಳಿದದ್ದು ಹನ್ನೆರಡಕ್ಕೆ ಮಾಯ. ಅಂಗಡಿಯಿಂದ ತಂದ ಅಕ್ಕಿಯಲ್ಲಿ ಮಿಕ್ಕದ್ದನ್ನು ಪ್ರತಿ ರಾತ್ರಿ ಅಂಗಡಿಯವನು ಬಂದು ಹೊತ್ತುಕೊಂಡು ಹೋದ ಹಾಗೆ! ಪಾಳಿಯಲ್ಲಿ ದುಡಿಯುವವನು ಗಿರಣಿಯೊಳಗೆ ಎಂಟು ಗಂಟೆ ಫೋನು ಮುಟ್ಟುವಂತಿಲ್ಲ. ಕೊಂಡದ್ದರಲ್ಲಿ ಹೆಚ್ಚು ಕಳೆದುಕೊಳ್ಳುವವನು ಅವನೇ.

ಫೋನು ಶೋಕಿ, ಬಡವರಿಗೆ ಯಾಕೆ ಎನ್ನುವ ದೊಡ್ಡ ಮನುಷ್ಯರು ಇದ್ದಾರೆ. ೨೦೨೦ರಲ್ಲಿ ಶಾಲೆ ಮುಚ್ಚಿದಾಗ ನಾನು ಮಕ್ಕಳಿಗೆ ಫೋನಿನಲ್ಲೇ ಪಾಠ ಕಳಿಸಿದೆ. ಒಂದು ಮನೆಯಲ್ಲಿ ಮೂರು ಮಕ್ಕಳು, ಒಂದು ಫೋನು, ಅಪ್ಪ ಕೆಲಸದಿಂದ ಬರುವ ತನಕ ಅದೂ ಇಲ್ಲ. ರಾತ್ರಿ ಹತ್ತಕ್ಕೆ ಬರೆದು ಕಳಿಸುತ್ತಿದ್ದರು. ಪ್ಯಾಕು ಮುಗಿದ ಮಗು ಆ ವಾರ ಗೈರುಹಾಜರಿ. ಹಾಜರಿ ಪುಸ್ತಕದಲ್ಲಿ ಆ ಗೆರೆ ಎಳೆದ ಕೈ ನನ್ನದೇ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ಇಂದು ಭವಿಷ್ಯನಿಧಿ ತೆಗೆಯಲು ಓಟಿಪಿ, ರೇಷನ್ ಕಾರ್ಡಿಗೆ ಓಟಿಪಿ, ಗ್ಯಾಸಿಗೆ ಓಟಿಪಿ. ಹೂ ಮಾರುವ ಅಕ್ಕನ ಬುಟ್ಟಿಯಲ್ಲೂ ಸ್ಕ್ಯಾನರ್ ಹಲಗೆ. ಸರ್ಕಾರವೇ ಫೋನಿಲ್ಲದೆ ಬರಬೇಡ ಎಂದ ಮೇಲೆ ಅದು ಶೋಕಿ ಹೇಗಾಯಿತು? ಸೀಮೆಎಣ್ಣೆಯ ಹಾಗೆ, ಉಪ್ಪಿನ ಹಾಗೆ ಅದು ಬಾಳಿನ ಸಾಮಾನು. ಆದರೆ ಅದರ ದರವನ್ನು ಕಂಪನಿಗಳ ಇಷ್ಟಕ್ಕೇ ಟ್ರಾಯ್ ಬಿಟ್ಟುಕೊಟ್ಟಿದೆ.

ಬಿಎಸ್‌ಎನ್‌ಎಲ್ ಇಲ್ಲವೆ ಎಂದು ನಮ್ಮವರೇ ಕೇಳುತ್ತಾರೆ. ೨೦೨೪ರ ಜುಲೈಯಲ್ಲಿ ಖಾಸಗಿಯವರು ದರ ಏರಿಸಿದಾಗ ಅದು ಏರಿಸಲಿಲ್ಲ. ಆ ಒಂದೇ ತಿಂಗಳಲ್ಲಿ ದೇಶದಲ್ಲಿ ೨೯ ಲಕ್ಷ ಜನ ಅದಕ್ಕೆ ಸೇರಿದರು. ಖಾಸಗಿ ಮೂವರೂ ಗಿರಾಕಿಗಳನ್ನು ಕಳೆದುಕೊಂಡರು. ಸರ್ಕಾರದ ಅಂಗಡಿಯೊಂದು ಸಂತೆಯಲ್ಲಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಸತ್ಯ ಮುಚ್ಚಿಟ್ಟು ಫಲವಿಲ್ಲ. ಹಾಗೆ ಹೋದವರಲ್ಲಿ ಅನೇಕರು ಸಿಗ್ನಲ್ ಸಿಗದೆ ವಾಪಸು ಬಂದರು. ಖಾಸಗಿಯವರು ೫ಜಿ ಮಾರುತ್ತಿದ್ದಾಗ ಬಿಎಸ್‌ಎನ್‌ಎಲ್‌ಗೆ ಬಹಳಷ್ಟು ಕಡೆ ೪ಜಿಯೇ ಇರಲಿಲ್ಲ. ದೇಶಾದ್ಯಂತ ಅದನ್ನು ಉದ್ಘಾಟಿಸಿದ್ದು ೨೦೨೫ರ ಸೆಪ್ಟೆಂಬರ್ ೨೭ರಂದು. ಎತ್ತಿಗೆ ಮೇವು ಹಾಕದೆ ಕಟ್ಟಿಹಾಕಿ, ಆಮೇಲೆ ಇದು ಉಳುವುದಿಲ್ಲ ಎಂದು ದೂರುವ ಗೌಡಿಕೆ ಇದು.

ಹಾಗಾದರೆ ಮಾಡುವುದೇನು? ಕೈಯಲ್ಲಿರುವುದನ್ನು ಮೊದಲು ಬಳಸೋಣ. ೨೦೨೪ರ ಡಿಸೆಂಬರಿನಲ್ಲಿ ಟ್ರಾಯ್ ಒಂದು ಒಳ್ಳೆಯ ಆಜ್ಞೆ ಮಾಡಿತು: ಡೇಟಾ ಬೇಡದವನಿಗೆ ಮಾತು ಮತ್ತು ಸಂದೇಶದ್ದೇ ಪ್ಯಾಕು ಕೊಡಬೇಕು. ೨೦೨೫ರ ಜನವರಿಯಲ್ಲಿ ೮೪ ದಿನಕ್ಕೆ ಜಿಯೋ ೪೪೮ರದ್ದನ್ನೂ ಏರ್‌ಟೆಲ್ ೪೬೯ರದ್ದನ್ನೂ ತಂದವು. ಊರಲ್ಲಿರುವ ಮುದುಕಿ ತಾಯಿಯ ಬಟನ್ ಫೋನಿಗೆ ಡೇಟಾ ಸೇರಿಸಿದ ಪ್ಯಾಕು ಹಾಕಿಸುತ್ತಿರುವವರು ಎಷ್ಟು ಮಂದಿ ಇದ್ದೀರಿ? ಕೈ ಎತ್ತಿ ನೋಡೋಣ. (ಅನೇಕರು ಕೈ ಎತ್ತಿದರು.) ನೋಡಿದಿರಾ. ಅಂಗಡಿಯಲ್ಲಿ ಹೆಸರು ಹಿಡಿದು ಕೇಳಿ, ಬರೀ ಮಾತಿನದು ಕೊಡಿ ಎಂದು. ಅಂಗಡಿಯವನ ಮೇಲೆ ರೇಗಬೇಡಿ. ಅವನಿಗೆ ಸಿಗುವ ಕಮಿಷನ್ನು ಚಿಲ್ಲರೆ ಕಾಸು, ಪ್ಯಾಕು ತೆಗೆದವನು ಅವನಲ್ಲ. ಕಂಪನಿ ಬದಲಿಸುವವರು ಪೋರ್ಟ್ ಎಂಬ ಇಂಗ್ಲಿಷ್ ಪದದ ಮುಂದೆ ನಿಮ್ಮ ನಂಬರು ಬರೆದು ೧೯೦೦ಕ್ಕೆ ಸಂದೇಶ ಕಳಿಸಿದರೆ ನಂಬರು ಉಳಿಯುತ್ತದೆ. ಆದರೆ ಬಿಎಸ್‌ಎನ್‌ಎಲ್‌ಗೆ ಹೋಗುವ ಮುನ್ನ ನಿಮ್ಮ ಬೀದಿಯಲ್ಲಿ ಯಾರಾದರೂ ಅದನ್ನು ಇಟ್ಟುಕೊಂಡಿದ್ದರೆ ಸಿಗ್ನಲ್ ಕೇಳಿಕೊಂಡು ಹೋಗಿ.

ಆಮೇಲೆ ಟ್ರಾಯ್‌ಗೆ ಒಂದು ಅರ್ಜಿ. ನಾವು ಪುಕ್ಕಟೆ ಕೇಳುತ್ತಿಲ್ಲ. ದಿನಕ್ಕೊಂದು ಜಿಬಿಯ ಪ್ಯಾಕನ್ನು ಎಲ್ಲ ಕಡೆ ಸಿಗುವಂತೆ ಇಡಿ, ತಿಂಗಳೆಂದರೆ ತಿಂಗಳಾಗಲಿ, ಇವತ್ತು ಮಿಕ್ಕದ್ದು ನಾಳೆಗೆ ಸೇರಲಿ ಎಂಬ ಮೂರೇ ಮಾತು. ಕನ್ನಡದಲ್ಲೇ ಬರೆಯೋಣ, ಇಂಗ್ಲಿಷು ಮಾಡಿಸಿಕೊಳ್ಳುವುದು ಅವರ ಕೆಲಸ. ನರಸೀಪುರದ ಆ ತಾಯಿ ಮೊದಲ ಸಹಿ ಹಾಕಿದ್ದಾರೆ. ಆ ಹಾಳೆ ಇಲ್ಲೇ ಮೇಜಿನ ಮೇಲಿದೆ. ಹೋಗುವಾಗ ಸಹಿಯ ಪಕ್ಕದಲ್ಲಿ ಕಳೆದ ಸಲ ಎಷ್ಟು ಹಾಕಿಸಿದಿರಿ, ಎಷ್ಟು ದಿನಕ್ಕೆ ಎಂಬುದನ್ನು ಬರೆದು ಹೋಗಿ. ರಾತ್ರಿ ಪಾಳಿಯವರು ಮುಂದೆ ಬನ್ನಿ, ನಿಮಗೆ ಹೊತ್ತಾಗುತ್ತದೆ.