ನರಿ ತಿಂದದ್ದು ಯಾವ ತುತ್ತು?



ಹುಚ್ಚುನಾಯಿ ರೋಗ ಅಂದಕೂಡಲೇ ನಮಗೆ ನೆನಪಾಗುವುದು ಬೀದಿನಾಯಿ. ಆದರೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ಕಾಡುಗಳಲ್ಲಿ ಅದನ್ನು ಹೊತ್ತು ತಿರುಗಿದ್ದು ಕೆಂಪು ನರಿ. ಗುಂಡಿಟ್ಟು ಕೊಂದರು, ಬಿಲಗಳಿಗೆ ವಿಷಾನಿಲ ಬಿಟ್ಟರು, ರೋಗ ಜಗ್ಗಲಿಲ್ಲ. 1978ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಕೊಲ್ಲುವ ದಾರಿ ಬಿಟ್ಟು ಕಾಪಾಡುವ ದಾರಿ ಹಿಡಿದರು. ಕೋಳಿತಲೆಯ ಚರ್ಮದಡಿ ಲಸಿಕೆಯ ಪುಟ್ಟ ಪೊಟ್ಟಣ ಸೇರಿಸಿ ರೋನ್ ಕಣಿವೆಯಲ್ಲಿ ಇಟ್ಟುಬಂದರು. ನರಿ ಕಚ್ಚಿದರೆ ಪೊಟ್ಟಣ ಒಡೆದು ಲಸಿಕೆ ಬಾಯೊಳಗೆ ಹರಡುತ್ತದೆ. ಮುಂದೆ ಮೀನಿನ ಪುಡಿ, ಕೊಬ್ಬು ಬೆರೆಸಿದ ಬಿಲ್ಲೆಗಳೂ ಬಂದವು.

ಇವುಗಳಲ್ಲಿ ನರಿಗೆ ಯಾವುದು ಹೆಚ್ಚು ಇಷ್ಟ? ನರಿಯನ್ನು ಕೇಳುವಂತಿಲ್ಲ, ಎಣಿಸಬೇಕು. ಒಂದು ಕಲ್ಪಿತ ಲೆಕ್ಕ ನೋಡೋಣ. ಕಾಡಿನ 60 ಕಡೆ ಕೋಳಿತಲೆ, ಮೀನಿನ ಬಿಲ್ಲೆ ಎರಡನ್ನೂ ಅಕ್ಕಪಕ್ಕ ಇಟ್ಟೆವು. 36 ಕಡೆ ಮೊದಲು ಹೋದದ್ದು ಕೋಳಿತಲೆ, 24 ಕಡೆ ಮೀನು. ಕೋಳಿಯೇ ಗೆದ್ದಿತು ಅನ್ನಿಸುತ್ತದೆ, ಅಲ್ಲವೇ? ನರಿಗೆ ಎರಡೂ ಒಂದೇ ಆಗಿದ್ದರೆ 30–30 ಬರಬೇಕಿತ್ತು. ಆದರೆ ನಾಣ್ಯವನ್ನು 60 ಸಲ ಚಿಮ್ಮಿದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಏರುಪೇರು, ನೂರರಲ್ಲಿ ಸುಮಾರು 15 ಸಲ ಬರುತ್ತದೆ. ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ ಕೈ-ಸ್ಕ್ವೇರ್ ಪರೀಕ್ಷೆಯಲ್ಲಿ ಈ ಅಂತರಕ್ಕೆ ಸಿಗುವ ಅಂಕ 2.4. ದಾಟಬೇಕಾದ ರೂಢಿಯ ಗೆರೆ 3.84. ಹಾಗಾಗಿ ಇಷ್ಟರಿಂದಲೇ ತೀರ್ಪು ಕೊಡುವಂತಿಲ್ಲ. ಇದೇ ಪ್ರಮಾಣ 600 ಕಡೆ ಕಂಡಿದ್ದರೆ ಅಂಕ 24 ಆಗುತ್ತಿತ್ತು. ಆಗ ಕೋಳಿತಲೆಯ ಪರ ಮಾತಾಡಬಹುದು.

ಆಗಲೂ ತುಸು ತಡೆಯಬೇಕು. ಆ 600 ಜಾಗಗಳಿಗೆ ಬಂದ ನರಿಗಳೆಷ್ಟು? ಒಂದೇ ನರಿ ರಾತ್ರಿಯಿಡೀ ಅಲೆದು 20 ಕಡೆ ಕೋಳಿತಲೆ ಎತ್ತಿರಬಹುದು. ಅದು 20 ನರಿಗಳ ಅಭಿಪ್ರಾಯವಲ್ಲ, ಒಂದರದ್ದೇ. ಕೈ-ಸ್ಕ್ವೇರ್ ಪ್ರತಿಯೊಂದು ಆಯ್ಕೆಯೂ ಸ್ವತಂತ್ರ ಎಂದು ನಂಬಿ ಲೆಕ್ಕ ಹಾಕುತ್ತದೆ. ಆ ನಂಬಿಕೆ ಮುರಿದರೆ ಅಂಕ ಎಷ್ಟೇ ದೊಡ್ಡದಿದ್ದರೂ ಬೆಲೆಯಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ: ಎಣಿಸಬೇಕಾದ್ದು ತುತ್ತುಗಳನ್ನಲ್ಲ, ಪ್ರಾಣಿಗಳನ್ನು. ಅದಕ್ಕೇ ಜಾಗಗಳನ್ನು ದೂರದೂರ ಇಡುತ್ತಾರೆ, ಕ್ಯಾಮೆರಾ ಕಟ್ಟುತ್ತಾರೆ.

ಇನ್ನೊಂದು ತೊಡಕು. ಕಾಣೆಯಾದದ್ದೆಲ್ಲ ನರಿಯ ಹೊಟ್ಟೆ ಸೇರಿರುವುದಿಲ್ಲ. ಕಾಡುಹಂದಿ ತಿಂದಿರಬಹುದು, ಕಾಗೆ ಒಯ್ದಿರಬಹುದು. ನರಿಯೇ ಎತ್ತಿದರೂ ಮಿಕ್ಕ ಆಹಾರವನ್ನು ಮಣ್ಣಲ್ಲಿ ಹೂತಿಡುವ ಅಭ್ಯಾಸ ಅದಕ್ಕಿದೆ. ಹಾಗಾಗಿ ತುತ್ತಿನಲ್ಲಿ ಟೆಟ್ರಾಸೈಕ್ಲಿನ್ ಎಂಬ ಔಷಧ ಬೆರೆಸಿದರು. ತಿಂದ ಪ್ರಾಣಿಯ ಹಲ್ಲು, ಮೂಳೆಗಳಲ್ಲಿ ಅದು ಉಳಿದು, ನೇರಳಾತೀತ ಬೆಳಕಿನಲ್ಲಿ ಹಳದಿಯಾಗಿ ಹೊಳೆಯುತ್ತದೆ. ಬೇಟೆಗಾರರು ತಂದ ನರಿಗಳ ಹಲ್ಲು ನೋಡಿ, ನೂರಕ್ಕೆ ಎಷ್ಟು ನರಿಗಳು ತಿಂದಿವೆ ಎಂದು ತಿಳಿದರು. ಅಂದರೆ ಇಲ್ಲಿ ಲೆಕ್ಕಕ್ಕೆ ಬಂದದ್ದು ನರಿಗಳೇ.

ರೋನ್ ಕಣಿವೆಯಲ್ಲಿ ಶುರುವಾದ ಈ ಕೆಲಸ ನೆರೆಯ ದೇಶಗಳಿಗೂ ಹರಡಿತು. 1999ರಲ್ಲಿ ಸ್ವಿಟ್ಜರ್ಲೆಂಡ್ ತಾನು ನರಿ ರೇಬೀಸಿನಿಂದ ಮುಕ್ತ ಎಂದು ಘೋಷಿಸಿಕೊಂಡಿತು.