ಕೀಲಿಕೈ ಯಾರ ಕೈಯಾಗ? ಮನೆ, ಅಂಗಡಿ, ಸಂಘದ ಕಾವಲು ಕುರಿತು ನಾಲ್ಕು ಮಾತು

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಗಳಿಗೆಯಲ್ಲಿ ಸಂತೋಷದ ಮಾತು ಆಡುವವರು ಬಹಳ ಮಂದಿ ಇದ್ದಾರೆ. ನಮ್ಮ ಪಾಲಿಗೆ ಬಂದದ್ದು ಕಳ್ಳರ ವಿಷಯ. ಸಂಘದ ಕಟ್ಟಡಕ್ಕೆ, ಸದಸ್ಯರ ಮನೆ, ಅಂಗಡಿಗಳಿಗೆ ಯಾವ ತರದ ಭದ್ರತೆ ಬೇಕು ಎಂಬುದನ್ನು ವಿಚಾರಿಸಿಕೊಂಡು ಬರ್ರಿ ಅಂತ ಆಡಳಿತ ಮಂಡಳಿ ನಮ್ಮ ಮೂವರಿಗೆ ಹೇಳಿತ್ತು. ಹಾವೇರಿ, ಹುಬ್ಬಳ್ಳಿಯ ಅಂಗಡಿಗಳನ್ನು ಅಡ್ಡಾಡಿದೆವು. ಈಚಿನ ವರ್ಷಗಳಲ್ಲಿ ನಮ್ಮ ರಾಜ್ಯದಲ್ಲಿ ನಡೆದ ದೊಡ್ಡ ಕಳವುಗಳು ಹೇಗಾದವು ಎಂಬುದನ್ನು ಪತ್ರಿಕೆಗಳಲ್ಲಿ ಓದಿ ತಿಳಿದುಕೊಂಡೆವು. ಮೂವರೂ ಕೂಡಿ ಒಪ್ಪಿದ್ದನ್ನು ತಮ್ಮ ಮುಂದೆ ಇಡುತ್ತಿದ್ದೇವೆ.

ಈ ಕೆಲಸ ಶುರುವಾದದ್ದು ಒಂದು ಪ್ರಶ್ನೆಯಿಂದ. "ಕ್ಯಾಮೆರಾ ಹಾಕಿದ ಮ್ಯಾಲೆ ರಾತ್ರಿ ಕಾವಲಿನವಗ ಪಗಾರ ಯಾಕ್ರೀ ಕೊಡಬೇಕು?" ಅಂತ ಕೆಲವು ಸದಸ್ಯರು ಕೇಳಿದ್ದರು. ಕೇಳಿದ್ದು ತಪ್ಪಲ್ಲ. ಉಳಿದ ಒಂದೊಂದು ರೂಪಾಯಿಯೂ ಸದಸ್ಯರದೇ. ಆದರೆ ತಿಜೋರಿಯಲ್ಲಿರುವುದೂ ಸದಸ್ಯರದೇ ಅನ್ನುವುದನ್ನು ಜೊತೆಗೆ ಹಿಡಿಯಬೇಕಾಗುತ್ತದೆ. ಬಿತ್ತನೆ ಬೀಜಕ್ಕೆ, ಮಗಳ ಮದುವೆಗೆ, ದವಾಖಾನೆಗೆ ಅಂತ ಅಡವಿಟ್ಟ ಬೋರಮಾಳ, ಪಾಟಲಿ, ಬೆಂಡವಾಲಿ ಅಲ್ಲಿವೆ. ಹೋದದ್ದಕ್ಕೆ ವಿಮೆ ರೊಕ್ಕ ಬಂದೀತು. ಅವ್ವನ ಬೋರಮಾಳ ಬರುವುದಿಲ್ಲ. ಕಾನೂನೂ ಇದನ್ನೇ ಹೇಳುತ್ತದೆ. 1872ರ ಭಾರತೀಯ ಕರಾರು ಕಾಯಿದೆಯ 151ನೆಯ ಕಲಮಿನ ಪ್ರಕಾರ, ಇನ್ನೊಬ್ಬರ ವಸ್ತುವನ್ನು ಇಟ್ಟುಕೊಂಡವರು, ವಿವೇಕ ಇರುವ ಸಾಮಾನ್ಯ ಮನುಷ್ಯ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುವನೋ ಅಷ್ಟು ಜೋಪಾನ ಮಾಡಲೇಬೇಕು.

ಈಗ ಮೂರು ಕಳವುಗಳ ಸಂಗತಿ ಹೇಳುತ್ತೇವೆ. ಸ್ವಲ್ಪ ಲಕ್ಷ್ಯ ಕೊಟ್ಟು ಕೇಳಬೇಕು.

ಮೊದಲನೆಯದು ನ್ಯಾಮತಿಯದು. ಹಿರೇಕೆರೂರು ದಾಟಿ ಹೊನ್ನಾಳಿ ಕಡೆ ಹೋದರೆ ನಮಗೇನೂ ಬಹಳ ದೂರದ ಊರಲ್ಲ. 2024ರ ಅಕ್ಟೋಬರ್ ಕೊನೆಯ ವಾರ, ಶನಿವಾರ, ರವಿವಾರದ ಸೂಟಿಯಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಗೆ ಕಳ್ಳರು ಕಿಟಕಿಯ ಕಬ್ಬಿಣದ ಸರಳು ಕಿತ್ತು ಒಳಗೆ ಹೋದರು. ಗ್ಯಾಸ್ ಕಟರ್‌ನಿಂದ ಲಾಕರ್ ಕೊರೆದರು. ಹೋದ ಚಿನ್ನ 17 ಕಿಲೋಕ್ಕೂ ಹೆಚ್ಚು. ಸೈರನ್ ಇತ್ತು, ಕೂಗಲಿಲ್ಲ. ಅದನ್ನು ಮೊದಲೇ ಕೆಡಿಸಿದ್ದರು. ಕ್ಯಾಮೆರಾ ಇದ್ದವು, ಆದರೆ ಚಿತ್ರ ಕೂಡಿಡುವ ಡಿವಿಆರ್ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದರು. ಪೊಲೀಸ್ ನಾಯಿಗೆ ವಾಸನೆ ಸಿಗದಿರಲಿ ಅಂತ ಖಾರದ ಪುಡಿ ಚೆಲ್ಲಿ ಹೋಗಿದ್ದರು. (ನಮ್ಮ ಬ್ಯಾಡಗಿಯವರು ತಮ್ಮ ಬೆಳೆಗೆ ಇಂಥದೊಂದು ಉಪಯೋಗ ಇದ್ದೀತು ಅಂತ ಎಣಿಸಿರಲಿಕ್ಕಿಲ್ಲ.) ಪೊಲೀಸರು ಐದು ತಿಂಗಳು ಬೆನ್ನು ಹತ್ತಿ, 2025ರ ಮಾರ್ಚಿನಲ್ಲಿ ಆರೋಪಿಗಳನ್ನು ಹಿಡಿದರು. ಚಿನ್ನ ತಮಿಳುನಾಡಿನ ಮದುರೆ ಜಿಲ್ಲೆಯ ಒಂದು ಬಾವಿಯ ತಳದಲ್ಲಿ ಸಿಕ್ಕಿತು. ಪೊಲೀಸರು ಹೇಳಿದ ಪ್ರಕಾರ ಮುಖ್ಯ ಆರೋಪಿ ಹೊರಗಿನಿಂದ ರಾತ್ರೋರಾತ್ರಿ ಬಂದವನಲ್ಲ. ನ್ಯಾಮತಿಯಲ್ಲೇ ಸಿಹಿ ತಿಂಡಿ ವ್ಯಾಪಾರ ಮಾಡಿಕೊಂಡಿದ್ದವ. ಅದೇ ಬ್ಯಾಂಕಿನಲ್ಲಿ ಸಾಲ ಕೇಳಿ ಇಲ್ಲ ಅನ್ನಿಸಿಕೊಂಡವ.

ಎರಡನೆಯದು ನಮ್ಮಂಥದೇ ಒಂದು ಸಹಕಾರ ಸಂಘದ್ದು. ಮಂಗಳೂರು ಹತ್ತಿರ ಉಳ್ಳಾಲದ ಕಡೆ ಕೋಟೆಕಾರು ವ್ಯವಸಾಯ ಸೇವಾ ಸಹಕಾರಿ ಸಂಘದ ಕೆ.ಸಿ. ರೋಡ್ ಶಾಖೆ. 2025ರ ಜನವರಿ 17, ಶುಕ್ರವಾರ, ಹಾಡಹಗಲು. ಮುಸುಕು ಹಾಕಿದವರು ಆಯುಧ ಹಿಡಿದು ಒಳಗೆ ಬಂದು, ಸಿಬ್ಬಂದಿಯನ್ನು ಹೆದರಿಸಿ, ಚಿನ್ನ ಹಾಗೂ ನಗದು ಹೊತ್ತು ಕಾರಿನಲ್ಲಿ ಹೋದರು. ಆ ಹೊತ್ತಿಗೆ ಕ್ಯಾಮೆರಾ ಏನು ಮಾಡುತ್ತಿದ್ದವು? ದುರಸ್ತಿಯಲ್ಲಿದ್ದವು! ರಿಪೇರಿಯವ ಒಳಗೇ ಇದ್ದ. ಮುಂದೆ ಕೆಲವೇ ದಿನಗಳಲ್ಲಿ ತಮಿಳುನಾಡಿನಲ್ಲಿ ಆರೋಪಿಗಳು ಸಿಕ್ಕರು, ಚಿನ್ನದ ಬಹುಪಾಲು ಮರಳಿ ಬಂತು. ಆದರೆ ಸಿಗುವ ತನಕ ಆ ಸಂಘದ ಬಾಗಿಲ ಮುಂದೆ ನಿಂತ ಸದಸ್ಯರ ಮುಖ ನೆನೆಸಿಕೊಂಡರೆ ನಮಗೆ ಊಟ ಸೇರಲಿಲ್ಲ, ಖರೇ ಹೇಳುತ್ತೇವೆ.

ಮೂರನೆಯದು ವಿಜಯಪುರ ಜಿಲ್ಲೆಯ ಮನಗೂಳಿಯದು. 2025ರ ಮೇ ತಿಂಗಳು, ಅಲ್ಲೂ ವಾರದ ಕೊನೆಯ ಸೂಟಿ. ಕೆನರಾ ಬ್ಯಾಂಕ್ ಶಾಖೆಯಿಂದ 59 ಕಿಲೋ ಸಮೀಪ ಚಿನ್ನ ಹೋಯಿತು. ಮರು ತಿಂಗಳು ಪೊಲೀಸರು ಬಂಧಿಸಿದವರಲ್ಲಿ ಮುಖ್ಯನಾದವ ಅದೇ ಶಾಖೆಯ ಹಿಂದಿನ ವ್ಯವಸ್ಥಾಪಕ. ತಾನು ಅಲ್ಲಿ ಇದ್ದಾಗಲೇ ಕೀಲಿಕೈಗಳ ನಕಲು ಮಾಡಿಸಿಟ್ಟು, ಬೇರೆ ಶಾಖೆಗೆ ವರ್ಗವಾದ ಮೇಲೆ ಕಳವು ಮಾಡಿಸಿದ ಎಂಬುದು ಪೊಲೀಸರ ಆರೋಪ. ಹೊಣೆ ಯಾರೆಂದು ಕೋರ್ಟು ಹೇಳಬೇಕು. ನಮಗೆ ಬೇಕಾದ ಸಂಗತಿ ಇಷ್ಟು: ಅಲ್ಲಿ ತಿಜೋರಿಯನ್ನು ಒಡೆಯುವ ಪ್ರಸಂಗವೇ ಮುಖ್ಯವಾಗಿರಲಿಲ್ಲ. ಕೀಲಿಕೈ ಇತ್ತು.

ಈ ಮೂರೂ ಕಡೆ ಕ್ಯಾಮೆರಾ ಇದ್ದವು. ನಮ್ಮ ಹಳ್ಳಿ ಸಂಘಕ್ಕಿಂತ ಎಷ್ಟೋ ಪಾಲು ಹೆಚ್ಚು ಸಲಕರಣೆ ಇದ್ದ ಜಾಗಗಳು ಅವು. ಹಾಗಾದರೆ ಸಲಕರಣೆ ಬ್ಯಾಡವೇ? ಬೇಕು. ಆದರೆ ಯಾವುದರಿಂದ ಏನಾಗುತ್ತದೆ, ಏನು ಆಗುವುದಿಲ್ಲ ಎಂಬುದನ್ನು ತಿಳಿದು ಹಾಕಿಸಬೇಕು. ಅಂಗಡಿಯವರು ಹೇಳುವುದು ಬರೇ ಮೊದಲರ್ಧ.

ಇಲ್ಲಿ ನಮ್ಮ ಹಿರಿಯರ ಹಗೇವು ನೆನಪಾಗುತ್ತದೆ. ಇಂದಿನ ಹುಡುಗರು ನೋಡಿರಲಿಕ್ಕಿಲ್ಲ. ಮನೆಯ ಮುಂದೆ, ಕೆಲವು ಕಡೆ ಓಣಿಯ ನಡುವೆಯೇ, ನೆಲದೊಳಗೆ ಆಳವಾಗಿ ತೋಡಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಅದಕ್ಕೆ ಕೀಲಿ ಇರಲಿಲ್ಲ, ಕಾವಲೂ ಇರಲಿಲ್ಲ. ಆದರೂ ಅದನ್ನು ಕದಿಯುವುದು ಬಹಳ ಕಷ್ಟ. ಯಾಕಂದ್ರ, ಒಬ್ಬನಿಂದ ತೆಗೆಯಲು ಆಗುವುದಿಲ್ಲ. ಮಣ್ಣು ಅಗೆಯಬೇಕು, ಕಲ್ಲು ಸರಿಸಬೇಕು, ಒಳಗಿನ ವಿಷಗಾಳಿ ಹೋಗುವ ತನಕ ಕಾಯಬೇಕು, ದೀಪ ಇಳಿಸಿ ನೋಡಬೇಕು, ಹಗ್ಗ ಹಿಡಿಯಲು ಮೇಲೆ ಜನ ಬೇಕು. ಅಷ್ಟರಲ್ಲಿ ಓಣಿಯೆಲ್ಲಾ ಎದ್ದು ಕೂಡುತ್ತದೆ. ಒಬ್ಬನ ಕೈಯಿಂದ ತೆರೆಯಲಾಗದ್ದು, ನಾಲ್ಕು ಜನರಿಗೆ ಗೊತ್ತಾಗದಂತೆ ತೆರೆಯಲಾಗದ್ದು: ಇಂದಿನ ಭದ್ರತಾ ಕೊಠಡಿಯ ಶಾಸ್ತ್ರವೂ ಇಷ್ಟೇ.

ಒಬ್ಬನ ಕೈಯಿಂದ ತೆರೆಯಬಾರದು ಅಂದ್ರ, ಎರಡು ಕೀಲಿ, ಇಬ್ಬರ ಹತ್ತಿರ. ಒಂದು ಕಾರ್ಯದರ್ಶಿಯವರಲ್ಲಿ, ಇನ್ನೊಂದು ನಿರ್ದೇಶಕರೊಬ್ಬರಲ್ಲಿ ಅಥವಾ ಕ್ಯಾಶಿಯರರಲ್ಲಿ. ಎರಡೂ ಕೂಡದೆ ತಿಜೋರಿ ಬಾಯಿ ಬಿಡಬಾರದು. ಮನೆಗೆ ಹೋಗುವಾಗ ಗಡಿಬಿಡಿಯಲ್ಲಿ "ತಗೋ, ನಂದೂ ನೀನ ಇಟ್ಟುಕೋ" ಅಂತ ಒಬ್ಬರ ಕೈಗೆ ಎರಡನ್ನೂ ಕೊಡುವ ರೂಢಿ ಎಲ್ಲ ಕಡೆ ಇದೆ. ಅದು ನಿಲ್ಲಬೇಕು. ಕೀಲಿಕೈ ಕೈ ಬದಲಾದಾಗಲೆಲ್ಲ ಒಂದು ವಹಿಯಲ್ಲಿ ದಿನಾಂಕ, ವೇಳೆ, ಇಬ್ಬರ ಸಹಿ. ಕೀಲಿಕೈ ಇಟ್ಟುಕೊಂಡವರು ಕೆಲಸ ಬಿಟ್ಟರೆ, ನಿವೃತ್ತರಾದರೆ, ಕೀಲಿಯನ್ನೇ ಬದಲಾಯಿಸಬೇಕು. ಇದರಲ್ಲಿ ಯಾರ ಮೇಲೂ ಸಂಶಯ ಇಲ್ಲ. ನಿಜ ಹೇಳಬೇಕಂದ್ರ, ಪ್ರಾಮಾಣಿಕ ನೌಕರನಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇನ್ನೊಂದಿಲ್ಲ. ನಾಳೆ ಏನಾದರೂ ಆದರೆ ಅವನ ಕಡೆ ಬೆರಳು ತೋರಿಸುವ ಮೊದಲು ವಹಿ ಮಾತಾಡುತ್ತದೆ.

ಇನ್ನು ಸೈರನ್. ಬಾಗಿಲು ತೆರೆದರೆ ವಿದ್ಯುತ್ತಿನಿಂದ ಗಂಟೆ ಹೊಡೆಯುವ ಸಾಧನಕ್ಕೆ ಅಮೆರಿಕದ ಆಗಸ್ಟಸ್ ಪೋಪ್ ಎಂಬಾತ 1853ರಲ್ಲೇ ಪೇಟೆಂಟ್ ಪಡೆದಿದ್ದ. ಇಂದು ಬಾಗಿಲಿಗೆ ಅಯಸ್ಕಾಂತದ ಸಣ್ಣ ಪಟ್ಟಿ, ಒಳಗೆ ಮನುಷ್ಯ ಅಡ್ಡಾಡಿದರೆ ಅವನ ಮೈಶಾಖದಿಂದ ಗುರುತಿಸುವ ಸೆನ್ಸರ್, ತಿಜೋರಿ ಕೊರೆದರೆ ಅದರ ನಡುಕವನ್ನು ಹಿಡಿಯುವ ಸೆನ್ಸರ್, ಇವೆಲ್ಲ ಸಿಗುತ್ತವೆ. ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಬೇಕು: "ತಂತಿ ಕತ್ತರಿಸಿದರ ಏನಾಗತೈತಿ?" ತಂತಿಯಲ್ಲಿ ಯಾವಾಗಲೂ ಸಣ್ಣ ಕರೆಂಟು ಹರಿಯುತ್ತಿದ್ದು, ಹರಿವು ನಿಂತ ಕೂಡಲೇ ಕೂಗುವಂಥದು ಒಳ್ಳೆಯದು. ಕತ್ತರಿಸಿದರೆ ಸುಮ್ಮನಾಗುವಂಥದು ಕಳ್ಳನ ಗೆಳೆಯ. ಸೈರನ್ನಿಗೆ ತನ್ನದೇ ಬ್ಯಾಟರಿ ಇರಬೇಕು. ನಮ್ಮಲ್ಲಿ ಮಳೆಗಾಲದ ರಾತ್ರಿ ಕರೆಂಟು ಹೋಗುವುದು ಕಳ್ಳರಿಗೂ ಗೊತ್ತು. ಸಿಮ್ ಕಾರ್ಡ್ ಹಾಕಿ ನಾಲ್ಕೈದು ಮೊಬೈಲಿಗೆ ತಾನೇ ಫೋನು ಹಚ್ಚುವ ಪೆಟ್ಟಿಗೆಯೂ ಬರುತ್ತದೆ, ಬಹಳ ಉಪಯೋಗದ್ದು. ಆದರೆ ಆ ಸಿಮ್ಮಿಗೆ ರೀಚಾರ್ಜ್ ಮಾಡಿಸುವವರು ಯಾರು? ಹಾಕಿಸಿದ ವರ್ಷ ಎಲ್ಲರಿಗೂ ನೆನಪಿರುತ್ತದೆ, ಮರು ವರ್ಷ ಪೆಟ್ಟಿಗೆ ಮೂಕಾಗಿರುತ್ತದೆ. ಹೀಗಾಗಿ ತಿಂಗಳಿಗೊಮ್ಮೆ ಕೂಗಿಸಿ ನೋಡುವ ಕೆಲಸವನ್ನು ಹೆಸರು ಹಿಡಿದು ಒಬ್ಬರಿಗೆ ಒಪ್ಪಿಸಬೇಕು. ಹಗಲು ದರೋಡೆಗೆ ಬೇರೆ ಉಪಾಯ: ಕ್ಯಾಶಿಯರರ ಮೇಜಿನ ಕೆಳಗೆ ಕಾಲಿನಿಂದ ಒತ್ತುವ ಗುಂಡಿ. ಕೈ ಮೇಲೆತ್ತು ಅಂದರೂ ಕಾಲು ಕೆಳಗೇ ಇರುತ್ತದಲ್ಲ.

ಕ್ಯಾಮೆರಾ ಸಂಗತಿಗೆ ಬರೋಣ. ಮನೆಗೆ ಕ್ಯಾಮೆರಾ ಕೂಡಿಸುವ ಏರ್ಪಾಡನ್ನು ಮೊದಲು ಯೋಚಿಸಿದವರಲ್ಲಿ ನ್ಯೂಯಾರ್ಕಿನ ನರ್ಸ್ ಒಬ್ಬಾಕೆ, ಮೇರಿ ವ್ಯಾನ್ ಬ್ರಿಟನ್ ಬ್ರೌನ್. ಹೊತ್ತಲ್ಲದ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬಳೇ ಇರಬೇಕಾಗುತ್ತಿತ್ತು, ಪೊಲೀಸರು ಬರುವುದು ತಡ. ಗಂಡನ ಜೊತೆ ಕೂಡಿ 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಪೇಟೆಂಟ್ ಪಡೆದಳು. ಆಕೆಯ ಏರ್ಪಾಡಿನಲ್ಲಿ ಬಾಗಿಲಾಚೆ ನಿಂತವರನ್ನು ತೋರಿಸುವ ಕ್ಯಾಮೆರಾ ಇತ್ತು. ಅದರ ಜೊತೆಗೇ ಸಹಾಯಕ್ಕೆ ಕರೆಯುವ ಗುಂಡಿಯೂ ಇತ್ತು. ಇದನ್ನು ಗಮನಿಸಬೇಕು. ಬರೇ ನೋಡುವ ಕ್ಯಾಮೆರಾ ಕಳವನ್ನು ತಡೆಯುವುದಿಲ್ಲ, ಕಳವು ಹೇಗಾಯಿತು ಅಂತ ಹೇಳುತ್ತದೆ. ಪೆಟ್ಟಿಗೆ ಹೋದರೆ ಅದನ್ನೂ ಹೇಳುವುದಿಲ್ಲ. ಅದಕ್ಕೆ ಡಿವಿಆರ್ ಪೆಟ್ಟಿಗೆ ಮೇಜಿನ ಕೆಳಗೆ ಬ್ಯಾಡ; ಗೋಡೆಯೊಳಗೆ ಕೀಲಿ ಇರುವ ಕಪಾಟಿನಲ್ಲಿ ಇರಲಿ, ಚಿತ್ರದ ಇನ್ನೊಂದು ಪ್ರತಿ ಇಂಟರ್‌ನೆಟ್ ಮೂಲಕ ಬೇರೆ ಜಾಗಕ್ಕೆ ಹೋಗುವಂತಿರಲಿ. ಕಂಪನಿಯವರು ಕೊಟ್ಟ ಪಾಸ್‌ವರ್ಡನ್ನು ಹಾಕಿದ ದಿನವೇ ಬದಲಿಸಬೇಕು. ಹೆಚ್ಚು ಜನ ಸೇರುವ ಜಾಗಗಳಲ್ಲಿ ಕ್ಯಾಮೆರಾ ಹಾಕಿ 30 ದಿನದ ಚಿತ್ರ ಇಡಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯಿದೆ ಹೇಳುತ್ತದೆ. ನಮ್ಮ ಸಂಘಕ್ಕೂ ಆ 30 ದಿನ ಒಳ್ಳೆಯ ಅಳತೆ. ರಿಪೇರಿ ಇದ್ದ ದಿನ ಬಾಗಿಲಲ್ಲಿ ಒಬ್ಬರು ಹೆಚ್ಚಿಗೆ ನಿಲ್ಲಬೇಕು.

ಮನೆಗಳಿಗೆ ಇಷ್ಟೆಲ್ಲ ಬೇಕಿಲ್ಲ. ಮುಂದಿನ ಕದಕ್ಕೆ ಸಾವಿರಾರು ರೂಪಾಯಿಯ ಕೀಲಿ, ಹಿತ್ತಲ ಬಾಗಿಲಿಗೆ ತಗಡು! ಇದನ್ನು ಎಷ್ಟು ಮನೆಯಲ್ಲಿ ನೋಡಿದ್ದೇವೆ. ಹಳೆಯ ಮನೆಗಳಲ್ಲಿ ಕದದ ಹಿಂದೆ ಗೋಡೆಯಿಂದ ಗೋಡೆಗೆ ಹಾಕುತ್ತಿದ್ದ ಮರದ ಅಗಳಿ ಇಂದಿಗೂ ಮರ್ಯಾದೆ ಉಳಿಸಿಕೊಂಡಿದೆ. ಹೊಸ ಮನೆಗೂ ಹಿತ್ತಲ ಬಾಗಿಲಿಗೆ ಹಾಕಿಸಬಹುದು. ಕಣದಲ್ಲಿ ಗೋವಿನಜೋಳದ ರಾಶಿ, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಇದ್ದಾಗ ಒಂದು ಸೆನ್ಸರ್ ದೀಪ ಸಾಕಷ್ಟು ಕೆಲಸ ಮಾಡುತ್ತದೆ. ಇನ್ನು, ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೊರಟಾಗ ಬಸ್ಸಿನಿಂದಲೇ ಫೋಟೋ ತೆಗೆದು ಸ್ಟೇಟಸ್ ಹಾಕುವ ತಂಗಿ, ತಮ್ಮಂದಿರಿಗೆ ಕೈಮುಗಿದು ಕೇಳುತ್ತೇವೆ: ತಿರುಗಿ ಬಂದ ಮ್ಯಾಲೆ ಹಾಕಿರಿ. ಹೋಗುವಾಗ ನೆರೆಮನೆಯವರಿಗೂ ಠಾಣೆಗೂ ಒಂದು ಮಾತು ತಿಳಿಸಿರಿ.

ಕೊನೆಗೆ ಕಾವಲಿನವನ ಪಗಾರದ ಪ್ರಶ್ನೆ. ಒಂದು ಕಾಲಕ್ಕೆ ಊರ ಕಾವಲು ತಳವಾರರ, ವಾಲಿಕಾರರ ಮನೆತನದ ಕೆಲಸವಾಗಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾನೂನಿನಿಂದ ಆ ವಂಶಪಾರಂಪರ್ಯ ಹೋಯಿತು. ಹೋದದ್ದು ನ್ಯಾಯವೇ, ಊರೆಲ್ಲ ಮಲಗಿರುವಾಗ ಒಂದೇ ಮನೆತನದವರು ಎದ್ದಿರಬೇಕು ಅನ್ನುವುದು ಸರಿಯಲ್ಲ. 1964ರ ಗ್ರಾಮ ರಕ್ಷಣಾ ದಳದ ಕಾನೂನು ಅದೇ ಕೆಲಸವನ್ನು ಊರವರೆಲ್ಲರಿಗೆ ಹಂಚುವ ವಿಚಾರ ಮಾಡಿತು. ಸೈರನ್ ಕೂಗಿದಾಗ ಎದ್ದು ಬರುವವರು ಬೇಕು. ಸೂಟಿಯ ಎರಡು ರಾತ್ರಿ ಕಟ್ಟಡದ ಸುತ್ತ ಹೆಜ್ಜೆ ಸಪ್ಪಳ ಇದ್ದರೆ, ಕಿಟಕಿಯ ಸರಳು ಕೊಯ್ಯುವವನಿಗೆ ಬೇಕಾದ ತಾಸುಗಟ್ಟಲೆ ಪುರುಸೊತ್ತು ಸಿಗುವುದಿಲ್ಲ. ಅದಕ್ಕೆ ನಮ್ಮ ಮೂವರ ಅಭಿಪ್ರಾಯ ಒಂದೇ: ಕಾವಲಿನವರನ್ನು ಬಿಡಿಸಬಾರದು. ಅವರ ವಯಸ್ಸು ನೋಡಿ ಒಂದು ಒಳ್ಳೆ ಬ್ಯಾಟರಿ, ಸೀಟಿ, ಮಳೆಗಾಲಕ್ಕೆ ರೇನ್‌ಕೋಟ್, ನಿರ್ದೇಶಕರ ನಂಬರಿರುವ ಮೊಬೈಲು ಕೊಡಬೇಕು. ಒಬ್ಬರೇ ಎದುರು ನಿಂತು ಹೊಡೆದಾಡಿರಿ ಅಂತ ಯಾರೂ ಹೇಳಬಾರದು. ಸೀಟಿ ಊದಿ 112ಕ್ಕೆ ಫೋನು ಹಚ್ಚಿದರೆ ಅವರ ಕೆಲಸ ಆಯಿತು.

ರೊಕ್ಕದ ಸಂಗತಿ: ಎರಡು ಕೀಲಿಯ ಪದ್ಧತಿಗೆ ಒಂದು ವಹಿಯ ಖರ್ಚು. ಬ್ಯಾಟರಿ ಸೈರನ್, ಫೋನು ಹಚ್ಚುವ ಪೆಟ್ಟಿಗೆ ಕೂಡಿ ಒಂದು ಕ್ವಿಂಟಲ್ ಅಡಿಕೆಯ ರೇಟಿಗಿಂತ ಕಡಿಮೆಯಲ್ಲಿ ಆಗುತ್ತದೆ. ಹೆಚ್ಚಿನ ಕ್ಯಾಮೆರಾಗಳನ್ನು ಬರುವ ವರ್ಷದ ಲಾಭ ನೋಡಿ ಹಾಕಿಸಬಹುದು. ಈ ಕ್ರಮದಲ್ಲೇ ಮಾಡಬೇಕೆಂದು ಸರ್ವಸಾಧಾರಣ ಸಭೆಯ ಮುಂದೆ ಠರಾವು ಇಡುತ್ತಿದ್ದೇವೆ. ಪರಿಶೀಲನೆಗೆಂದು ಅಂಗಡಿಯವರು ಒಂದು ಸೈರನ್ ಕೊಟ್ಟಿದ್ದಾರೆ. ಊಟಕ್ಕೆ ಏಳುವ ಮೊದಲು ಅದನ್ನು ಸಂಘದ ಮಾಳಿಗೆಯ ಮೇಲಿಂದ ಒಮ್ಮೆ ಕೂಗಿಸುತ್ತೇವೆ. ಅಡಿಗೆಮನೆಯಲ್ಲಿರುವ ತಾಯಂದಿರು ಗಾಬರಿಯಾಗಬಾರದು. ಕೆರೆಯ ಕಡೆಯ ಓಣಿಯವರು, ಬಸ್‌ಸ್ಟ್ಯಾಂಡ್ ಕಡೆಯವರು ಮನೆಯಲ್ಲಿ ಉಳಿದವರಿಗೆ ಈಗಲೇ ಫೋನು ಮಾಡಿ, ಅಲ್ಲಿಯ ತನಕ ಕೇಳಿಸಿತೋ ಇಲ್ಲವೋ ಅಂತ ನಮಗೆ ತಿಳಿಸಿರಿ.